ಸ್ಕೂಲ್ ಪಕ್ಕದ ಮನೆ ತಗೋಬೋದಾ? ಮೊದ್ಲು ಬೆಳಗ್ಗೆ ಎಂಟೂಕಾಲಿಗೆ ಕಾರು ಆಚೆ ಬರತ್ತಾ ನೋಡಿ

ಪ್ರಶ್ನೆ: ಸಾರ್, ಮೈಸೂರು ಕುವೆಂಪುನಗರದಲ್ಲಿ ಒಂದು ಮನೆ ನೋಡಿದೀವಿ. 30-40 ಸೈಟು, ಗ್ರೌಂಡ್ ಪ್ಲಸ್ ಒನ್, ಪೂರ್ವದ ಬಾಗಿಲು, ಮುಂದೆ 30 ಅಡಿ ರೋಡು. ನಾಲ್ಕೈದು ಮನೆ ಆಚೆಗೆ ಒಂದು ಪ್ರೈವೇಟ್ ಸ್ಕೂಲಿನ ಗೇಟಿದೆ. ನಮ್ಮೆಜಮಾನ್ರು ನಂಜನಗೂಡಿನ ಫ್ಯಾಕ್ಟರಿಗೆ ಬೆಳಗ್ಗೆ ಎಂಟೂಕಾಲಿಗೆ ಕಾರಲ್ಲಿ ಹೊರಡ್ತಾರೆ, ಮಾವನವ್ರಿಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್ ಇದೆ. ಮೊದ್ಲು ಕಾರ್ ನಿಲ್ಸೋ ಜಾಗ ಇತ್ತಂತೆ, ಈಗ ಅದಕ್ಕೆ ಶಟರ್ ಹಾಕಿ ಜೆರಾಕ್ಸ್ ಅಂಗಡಿಗೆ ಬಾಡಿಗೆ ಕೊಟ್ಟಿದಾರೆ. ಓನರ್ ಹೇಳೋದು, 'ಬೆಳಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ ಗಲಾಟೆ ಅಷ್ಟೇ, ಕಾರು ಮನೆ ಮುಂದೆ ರೋಡಲ್ಲೇ ನಿಲ್ಸಿ, ಇಲ್ಲಿ ಎಲ್ರೂ ಹಾಗೇ ಮಾಡೋದು' ಅಂತ. ಮನೆ ಎಲ್ರಿಗೂ ಇಷ್ಟ ಆಗಿದೆ, ಪಾರ್ಕಿಂಗ್ ಒಂದೇ ಯೋಚನೆ. ತಗೋಬೋದಾ?

ಉತ್ತರ: ಮೇಡಂ, ನೀವು ಕೇಳಿರೋದು ಸ್ಕೂಲ್ ಬಗ್ಗೆ, ಆದ್ರೆ ನಿಮ್ಮ ಪ್ರಶ್ನೆ ಓದಿದಾಗ ನನ್ನ ಕಣ್ಣಿಗೆ ಮೊದ್ಲು ಬಿದ್ದಿದ್ದು ಆ ಜೆರಾಕ್ಸ್ ಅಂಗಡಿ. ನಾನು ಬ್ಯಾಂಕ್ ಲೋನಿಗೆ ಮನೆ ವ್ಯಾಲ್ಯುಯೇಷನ್ ಮಾಡೋ ಸಿವಿಲ್ ಇಂಜಿನಿಯರ್ ಆದ್ರಿಂದ ಕಣ್ಣು ಅಲ್ಲಿಗೇ ಹೋಗತ್ತೆ ಅಂತ ಬೇಕಾದ್ರೆ ಅಂದ್ಕೊಳ್ಳಿ. ಸ್ಕೂಲ್ ಹತ್ರದ ಮನೆಗಳಲ್ಲಿ ಇದು ಮಾಮೂಲಿ, ಪ್ಲಾನಲ್ಲಿ ಕಾರ್ ಪಾರ್ಕಿಂಗ್ ಅಂತ ತೋರಿಸಿರ್ತಾರೆ, ಕಟ್ಟಿ ಎರಡು ವರ್ಷಕ್ಕೆ ಯಾರೋ ಬಂದು ಸ್ಟೇಷನರಿಗೋ ಜೆರಾಕ್ಸಿಗೋ ಜಾಗ ಕೇಳ್ತಾರೆ, ಬಾಡಿಗೆ ಬರತ್ತೆ ಅಂತ ಶಟರ್ ಇಳಿಸ್ತಾರೆ, ಓನರ್ ಕಾರು ರೋಡಿಗೆ ಬರತ್ತೆ. ಆಮೇಲೆ 'ಸ್ಕೂಲಿಂದ ಪಾರ್ಕಿಂಗ್ ಪ್ರಾಬ್ಲಮ್' ಅಂತ ಅವ್ರೇ ಬೈಕೊಂಡು ಓಡಾಡ್ತಾರೆ. ಪ್ರಾಬ್ಲಮ್ಮಲ್ಲಿ ಅರ್ಧ ಮನೆ ಒಳಗೇ ಹುಟ್ಟಿದ್ದು.

ಆದ್ರಿಂದ ನಂದು ಒಂದೇ ಮಾತು. ಸ್ಕೂಲ್ ಎಷ್ಟು ಹತ್ರ ಇದೆ ಅನ್ನೋದನ್ನ ಆಮೇಲೆ ನೋಡೋಣ, ನಿಮ್ಮ ಕಾರು ನಿಮ್ಮ ಕಾಂಪೌಂಡ್ ಒಳಗೆ ನಿಲ್ಲತ್ತಾ, ನಿಮಗೆ ಬೇಕಾದ ಹೊತ್ತಿಗೆ ಆಚೆ ಬರತ್ತಾ, ಅದನ್ನ ಮೊದ್ಲು ಇತ್ಯರ್ಥ ಮಾಡ್ಕೊಳ್ಳಿ. ಮನೆ ಮುಂದಿನ ರೋಡ್ ಜಾಗನ ಮನೆ ರೇಟಿಗೆ ಸೇರಿಸ್ಕೊಂಡು ಲೆಕ್ಕ ಹಾಕ್ಬೇಡಿ, ಅದು ಪಾಲಿಕೆದು, ಓನರ್ ಅದನ್ನ ತೋರಿಸ್ಬೋದೇ ಹೊರತು ಮಾರಕ್ಕಾಗಲ್ಲ. ನಾಳೆ ಅಲ್ಲಿ ನೋ ಪಾರ್ಕಿಂಗ್ ಬೋರ್ಡ್ ಬಿದ್ರೆ ನಿಮ್ಮ ಕಾರಿಗೂ ಅದೇ ರೂಲ್ಸು, ಸ್ಕೂಲಿಗೆ ಬರೋ ಕಾರಿಗೂ ಅದೇ ರೂಲ್ಸು.

ಓನರ್ ಹೇಳಿದ 'ಅರ್ಧ ಗಂಟೆ' ವಿಷಯ ತಗೊಳ್ಳೋಣ. ಸುಳ್ಳು ಅಂತ ನಾನು ಹೇಳಲ್ಲ, ಆದ್ರೆ ಯಾವ ಅರ್ಧ ಗಂಟೆ, ಎಷ್ಟು ಅರ್ಧ ಗಂಟೆ ಅಂತ ಕೇಳ್ಬೇಕು. ಬೆಳಗ್ಗೆದು ನಿಜವಾಗ್ಲೂ ಬೇಗ ಮುಗಿಯತ್ತೆ, ಯಾಕಂದ್ರೆ ಅಪ್ಪ ಅಮ್ಮಂದಿರಿಗೂ ಆಫೀಸಿಗೆ ಹೊತ್ತಾಗಿರತ್ತೆ, ಮಗುನ ಇಳಿಸ್ತಾರೆ, ಬ್ಯಾಗ್ ಕೊಡ್ತಾರೆ, ಹೊರಡ್ತಾರೆ. ಸಂಜೆದೇ ತಲೆನೋವು. ಮೂರೂವರೆಗೆ ಬೆಲ್ಲು ಅಂದ್ರೆ ಮೂರು ಗಂಟೆಗೇ ಕಾರುಗಳು ಬಂದು ನೆರಳು ಹುಡುಕ್ಕೊಂಡು ನಿಲ್ತವೆ, ಲೇಟಾಗಿ ಬಂದ್ರೆ ಜಾಗ ಸಿಗಲ್ಲ ಅಂತ ಒಬ್ರಿಗಿಂತ ಒಬ್ರು ಮುಂಚೆ ಬರ್ತಾರೆ, ಎಸಿ ಹಾಕ್ಕೊಂಡು ಮೊಬೈಲ್ ನೋಡ್ತಾ ಒಳಗೇ ಕೂತಿರ್ತಾರೆ. ಮನೆ ಮುಂದೆ ಹೊಂಗೆ ಮರನೋ ಮಳೆಮರನೋ ಇದ್ರೆ ಆ ಜಾಗ ರಿಸರ್ವ್ ಆದಂಗೇನೇ. ಇದರ ಮೇಲೆ ಎಲ್ಲಾ ಕ್ಲಾಸೂ ಒಂದೇ ಹೊತ್ತಿಗೆ ಬಿಡಲ್ಲ. ನರ್ಸರಿ ಎಲ್‌ಕೆಜಿ ಮಕ್ಕಳು ಮಧ್ಯಾಹ್ನನೇ ಆಚೆ ಬರ್ತಾರೆ, ಪ್ರೈಮರಿ ಒಂದು ಹೊತ್ತಿಗೆ, ಹೈಸ್ಕೂಲ್ ಇನ್ನೊಂದು ಹೊತ್ತಿಗೆ, ಹತ್ತನೇ ಕ್ಲಾಸಿನವ್ರಿಗೆ ಸ್ಪೆಷಲ್ ಕ್ಲಾಸು ಅಂತ ಇನ್ನೂ ತಡ, ಶನಿವಾರ ಬೆಳಗ್ಗೆ ಬೇಗ ಶುರು ಮಾಡಿ ಮಧ್ಯಾಹ್ನದೊಳಗೆ ಬಿಟ್ಬಿಡ್ತಾರೆ. ಅರ್ಧ ಅರ್ಧ ಗಂಟೆ ಅಂತ ಕೂಡಿಸ್ತಾ ಹೋಗಿ, ಲೆಕ್ಕ ಎಲ್ಲಿಗೆ ಹೋಗತ್ತೆ ನೋಡಿ. ಸ್ಕೂಲ್ ಆಫೀಸಲ್ಲಿ ಟೈಮಿಂಗ್ ಕೇಳಿದ್ರೆ ಹೇಳ್ತಾರೆ, ಅದೇನು ಗುಟ್ಟಲ್ಲ.

ನಿಮ್ಮ ಕೇಸಲ್ಲಿ ನನಗೆ ಹೆಚ್ಚು ಯೋಚನೆ ಆಗ್ತಿರೋದು ಆ ಎಂಟೂಕಾಲು. ಬೇರೆಯವ್ರಾದ್ರೆ ಸ್ವಲ್ಪ ಆ ಕಡೆ ಈ ಕಡೆ ಅಡ್ಜಸ್ಟ್ ಮಾಡ್ಕೋತಾರೆ, ಶಿಫ್ಟಿಗೆ ಹೋಗೋರಿಗೆ ಪಂಚಿಂಗ್ ಟೈಮ್ ಕಾಯಲ್ಲ. ಪ್ರೈವೇಟ್ ಸ್ಕೂಲ್ ಎಂಟೂವರೆಗೆ ಶುರು ಅಂದ್ರೆ ನಿಮ್ಮೆಜಮಾನ್ರು ಗೇಟ್ ತೆಗೆಯೋ ಹೊತ್ತಿಗೇ ಎದುರುಗಡೆಯಿಂದ ಸ್ಕೂಲ್ ವ್ಯಾನು, ಮುಂದೆ ಮೂರು ಮಕ್ಕಳನ್ನ ಕೂರಿಸ್ಕೊಂಡ ಆ್ಯಕ್ಟಿವಾ, ಹಿಂದೆ ನಾಲ್ಕೂ ಇಂಡಿಕೇಟರ್ ಹಾಕಿ ನಡುರೋಡಲ್ಲಿ ನಿಂತ ಕಾರು, 'ಒಂದ್ ನಿಮ್ಷ ಸಾರ್' ಅಂತ ಕೈ ತೋರಿಸ್ಕೊಂಡು ಮಗು ಜೊತೆ ಸ್ಕೂಲ್ ಗೇಟ್ ಕಡೆ ಓಡ್ತಿರೋ ಅಪ್ಪ. ಆ ಒಂದ್ ನಿಮ್ಷ ಅಂದ್ರೆ ಮಗು ಟೈ ಸರಿ ಮಾಡಿ, ಮಿಸ್ ಹತ್ರ ಡೈರಿ ಬಗ್ಗೆ ಎರಡು ಮಾತಾಡಿ ಬರೋಷ್ಟು ಹೊತ್ತು. ದಿನಾ ಜಗಳ ಆಡಕ್ಕಾಗತ್ತಾ? ಹಾಗಾಗಿ ಇದನ್ನ ಮನೆ ತಗೊಳ್ಳೋ ಮುಂಚೆನೇ ಕಣ್ಣಾರೆ ನೋಡ್ಬೇಕು.

ನಮ್ಮಲ್ಲಿ ಆಗೋದೇನು, ಮನೆ ನೋಡೋಕೆ ಎಲ್ರೂ ಹೋಗೋದು ಭಾನುವಾರ. ಇಲ್ಲಾಂದ್ರೆ ದಸರಾ ರಜೆಲಿ, ಊರಿಂದ ಅಣ್ಣತಮ್ಮಂದಿರು ಬಂದಿರ್ತಾರೆ ಎಲ್ರೂ ಒಟ್ಟಿಗೆ ನೋಡಿಬಿಡೋಣ ಅಂತ. ಇಲ್ಲಾಂದ್ರೆ ಏಪ್ರಿಲ್ ಮೇ, ಮಕ್ಕಳಿಗೆ ರಜೆ, ಜೂನ್ ಒಳಗೆ ಮನೆ ಬದಲಾಯಿಸೋಣ ಅಂತ. ಮೂರು ಹೊತ್ತಲ್ಲೂ ಸ್ಕೂಲ್ ಬಾಗಿಲು ಹಾಕಿರತ್ತೆ! ಆಗ ನೋಡಿದ್ರೆ ಆ ರೋಡಲ್ಲಿ ನಾಯಿ ಮಲಗಿರೋದು ಬಿಟ್ರೆ ಏನೂ ಕಾಣಲ್ಲ, ಎಂಥ ಪ್ರಶಾಂತವಾದ ಏರಿಯಾ ಅನ್ಸತ್ತೆ. ನನ್ನ ಕೇಳಿದ್ರೆ ಇಂಥ ಮನೆ ನೋಡಕ್ಕೆ ಆಷಾಢಕ್ಕಿಂತ ಒಳ್ಳೆ ಮಾಸ ಇಲ್ಲ. ಆಷಾಢದಲ್ಲಿ ನಮ್ಮವರು ರಿಜಿಸ್ಟ್ರೇಷನ್ನೂ ಮಾಡ್ಸಲ್ಲ ಗೃಹಪ್ರವೇಶನೂ ಮಾಡಲ್ಲ, ಆದ್ರಿಂದ ಅವಸರ ಮಾಡೋ ಇನ್ನೊಂದು ಪಾರ್ಟಿ ಇರಲ್ಲ, ಸ್ಕೂಲ್ ಫುಲ್ ಆಗಿ ನಡೀತಿರತ್ತೆ, ಜೊತೆಗೆ ಮಳೆ. ಮಳೆ ಬಂದ ದಿನ ಸ್ಕೂಟರಲ್ಲಿ ಬರೋರೆಲ್ಲ ಕಾರು ಆಟೋ ತರ್ತಾರೆ, ಛತ್ರಿ ಹಿಡ್ಕೊಂಡು ಗೇಟ್ ತನಕ ಬಿಟ್ಟು ಬರ್ತಾರೆ, ಪ್ರತಿಯೊಂದು ಗಾಡಿನೂ ಎರಡರಷ್ಟು ಹೊತ್ತು ನಿಲ್ಲತ್ತೆ. ಮಳೆ ಬರೋ ಸೋಮವಾರ ಬೆಳಗ್ಗೆ ಆ ರೋಡ್ ಸುಧಾರಿಸ್ಕೊಂಡ್ರೆ ವರ್ಷ ಪೂರ್ತಿ ಸುಧಾರಿಸ್ಕೊಳ್ಳತ್ತೆ. ಶ್ರಾವಣದಲ್ಲಿ ಅಗ್ರಿಮೆಂಟ್ ಮಾಡ್ಕೊಳ್ಳಿ.

ಹೋಗಿ ನಿಂತು ನೋಡೋದಷ್ಟೇ ಸಾಲದು. ಓನರ್ ಹತ್ರ ಕೇಳಿಕೊಂಡು ನಿಮ್ಮ ಕಾರನ್ನೇ ಅವರ ಗೇಟ್ ಎದುರಿಗೆ ತಂದು ಎಂಟೂಕಾಲಿಗೆ ಆಚೆ ತೆಗೆದು ಮೇನ್ ರೋಡ್ ತನಕ ಓಡಿಸಿ, ಸ್ವತಃ ನಿಮ್ಮೆಜಮಾನ್ರೇ ಓಡಿಸ್ಬೇಕು, ಬ್ರೋಕರ್ ಅಲ್ಲ. ಒಪ್ಪದೆ ಇರೋ ಓನರ್ ಇದ್ರೆ ಅದೂ ಒಂದು ಉತ್ತರನೇ. ಅಕ್ಕಪಕ್ಕದ ಮನೆಯವ್ರನ್ನ ಕೇಳ್ಬೋದು, ಆದ್ರೆ ಅವ್ರಿಗೂ ಮುಂದೆ ಮಾರೋ ಯೋಚನೆ ಇದ್ರೆ 'ಏನೂ ತೊಂದ್ರೆ ಇಲ್ಲ ಬನ್ನಿ' ಅಂತಾರೆ. ತಳ್ಳುಗಾಡಿಲಿ ಇಸ್ತ್ರಿ ಮಾಡೋರು, ನಂದಿನಿ ಬೂತಿನವ್ರು, ಸ್ಕೂಲ್ ವಾಚ್‌ಮನ್ನು, ಇವರನ್ನ ಮಾತಾಡಿಸಿ. ದಿನಾ ಪೂರ್ತಿ ಆ ರೋಡ್ ನೋಡೋರು ಅವ್ರು, ಯಾರ ಮನೆ ಮುಂದೆ ಯಾರು ಯಾರಿಗೆ ಬೈದ್ರು ಅನ್ನೋದು ಸಮೇತ ಗೊತ್ತಿರತ್ತೆ.

ಈಗ ಟೇಪ್ ತಗೊಂಡು ಹೋಗಿ. 30 ಅಡಿ ರೋಡ್ ಅಂದ್ರೆ 30 ಅಡಿ ಟಾರ್ ಅಲ್ಲ, ಆ ಕಾಂಪೌಂಡಿಂದ ಈ ಕಾಂಪೌಂಡ್ ತನಕದ ಲೆಕ್ಕ. ಅದ್ರಲ್ಲಿ ಎರಡೂ ಕಡೆ ಚರಂಡಿ, ಫುಟ್‌ಪಾತು, ಯಾರೋ ಹಾಕಿರೋ ಗಿಡ, ಕರೆಂಟ್ ಕಂಬ ಎಲ್ಲಾ ಹೋಗಿ ಗಾಡಿ ಓಡಾಡಕ್ಕೆ ಉಳಿಯೋದು ಎಷ್ಟೋ ಕಡೆ 18ರಿಂದ 20 ಅಡಿ. ಒಂದು ಕಾರು ಹೆಚ್ಚುಕಮ್ಮಿ 6 ಅಡಿ ಅಗಲ. ನಿಮ್ಮ ಗೇಟಿಗೆ ನೇರ ಎದುರಿಗೆ, ಆ ಕಡೆ ಸೈಡಲ್ಲಿ ಒಂದು ಕಾರು ನಿಂತ್ರೆ ನಿಮಗೆ ತಿರುಗಿಸ್ಕೊಳ್ಳಕ್ಕೆ ಸಿಗೋದು 12ರಿಂದ 14 ಅಡಿ. ಸ್ವಿಫ್ಟ್ ಥರದ ಚಿಕ್ಕ ಕಾರಿನ ಟರ್ನಿಂಗ್ ರೇಡಿಯಸ್ಸೇ 4.8 ಮೀಟರ್, ಅಂದ್ರೆ ಸುಮಾರು 16 ಅಡಿ. ಹಾಗಾಗಿ ಒಂದೇ ಸಲಕ್ಕೆ ಆಚೆ ಬರಲ್ಲ, ಹಿಂದೆ ಮುಂದೆ ಎರಡ್ಮೂರು ಸಲ ಆಡಿಸ್ಬೇಕು, ಅದೂ ಮಕ್ಕಳು ನಡೆದು ಹೋಗ್ತಿರೋ ಹೊತ್ತಲ್ಲಿ ರಿವರ್ಸ್. ನೋಡಿ, ನಿಮ್ಮ ಗೇಟಿಗೆ ಅಡ್ಡ ಯಾರೂ ನಿಲ್ಸಿಲ್ಲ, ಯಾರ ತಪ್ಪೂ ಇಲ್ಲ, ಆದ್ರೂ ಕಾರು ಆಚೆ ಬರಲ್ಲ. ಇದನ್ನ ಮನೆ ನೋಡಕ್ಕೆ ಬಂದೋರು ಯಾರೂ ಯೋಚನೆ ಮಾಡಲ್ಲ, ಎಲ್ರೂ ಗೇಟ್ ಮುಂದೆನೇ ನೋಡ್ತಾರೆ, ಗೇಟ್ ಎದುರಿಗೆ ನೋಡಲ್ಲ. ದೊಡ್ಡ ಗೇಟು 10 ಅಡಿ ಅಗಲ ಇದ್ರೆ ಸ್ವಲ್ಪ ಓರೆಯಾಗಿ ತಿರುಗಿಸ್ಕೋಬೋದು, 8 ಅಡಿ ಆದ್ರೆ ಕನ್ನಡಿ ಮಡಚಿ ನೆಟ್ಟಗೆ ಬರಬೇಕು.

ಒಳಗಡೆ ಉದ್ದನೂ ಅಳೀರಿ, ಗೇಟಿಂದ ಮನೆ ಮೆಟ್ಟಿಲ ತನಕ. ನಮ್ಮಲ್ಲಿ ಬಹಳ ಚಿಕ್ಕ ಕಾರುಗಳು 4 ಮೀಟರ್ ಒಳಗೆ ಇರ್ತವೆ, ಟ್ಯಾಕ್ಸ್ ಕಮ್ಮಿ ಅಂತ ಕಂಪನಿಯವ್ರು ಆ ಅಳತೆಗೇ ಮಾಡೋದು, ಅಂದ್ರೆ 13 ಅಡಿ. ಕ್ರೆಟಾ ಥರದ್ದು 14 ಅಡಿ ದಾಟತ್ತೆ, ಇನ್ನೋವಾ ಹದಿನೈದೂವರೆ. ಗೇಟಿನ ರೆಕ್ಕೆ ಒಳಗಡೆ ತೆರೆಯೋ ಹಾಗಿದ್ರೆ ಅದಕ್ಕೇ ಇನ್ನು ನಾಲ್ಕೈದು ಅಡಿ ಬೇಕು, ಹೊರಗಡೆ ತೆರೆಯೋ ಹಾಗಿದ್ರೆ ಪಕ್ಕದಲ್ಲಿ ಯಾರೋ ಒಂದು ಸ್ಕೂಟರ್ ನಿಲ್ಸಿದ್ರೂ ಗೇಟ್ ತೆರೆಯಲ್ಲ. ಸ್ಕೂಲ್ ರೋಡಿಗೆ ಸ್ಲೈಡಿಂಗ್ ಇಲ್ಲಾ ಫೋಲ್ಡಿಂಗ್ ಗೇಟೇ ಸರಿ, ಖರ್ಚು ಸ್ವಲ್ಪ ಜಾಸ್ತಿ, ಹಾಕ್ಸಿ. ಪೂರ್ವದ ಮನೆ ಅಂದ್ರಿ, ವಾಸ್ತು ಪ್ರಕಾರ ಗೇಟ್ ಈಶಾನ್ಯದ ಕಡೆಗೇ ಇರತ್ತೆ, ಅಲ್ಲೇ ಕಂಬನೋ ಮರನೋ ಇದ್ರೆ ಈ ಕಡೆ ಆಗ್ನೇಯಕ್ಕೆ ಕಾರಿನ ಗೇಟ್ ತಳ್ಳಕ್ಕೆ ಮನೆ ಹಿರಿಯರು ಒಪ್ಪಲ್ಲ, ಇದನ್ನೂ ಮುಂಚೆನೇ ಮನೇಲಿ ಮಾತಾಡ್ಕೊಂಡಿರಿ, ಯಾಕಂದ್ರೆ ಕಂಬ ಸರಿಸಕ್ಕೆ ಕರೆಂಟ್ ಕಂಪನಿ ಸೆಸ್ಕ್‌ಗೆ ಅರ್ಜಿ ಹಾಕಿ ಖರ್ಚು ನೀವೇ ಕಟ್ಬೇಕು, ಮರ ಕಡಿಯಕ್ಕೆ ಅರಣ್ಯ ಇಲಾಖೆ ಪರ್ಮಿಷನ್ ಬೇಕು, ಅದೂ ಸಿಗಬೇಕಲ್ಲ.

ಸರಸ್ವತಿಪುರಂ, ಲಕ್ಷ್ಮೀಪುರಂ, ಚಾಮರಾಜಪುರಂ ಕಡೆ ಹಳೇ ಬಡಾವಣೆ ನೋಡ್ತಿರೋರಿಗೆ ಒಂದು ಮಾತು ಇಲ್ಲೇ ಹೇಳ್ಬಿಡ್ತೀನಿ. ಅಲ್ಲಿ ಎಷ್ಟೋ ಮನೆಗಳ ಹಿಂದೆ ಕನ್ಸರ್ವೆನ್ಸಿ, ಅಂದ್ರೆ ಎರಡು ಸಾಲು ಮನೆಗಳ ಮಧ್ಯದ ಸಣ್ಣ ಓಣಿ, ಇದೆ. 1903ರಲ್ಲಿ ಶುರುವಾದ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಕಾಲದಿಂದ ಮೈಸೂರಲ್ಲಿ ಬಡಾವಣೆ ಮಾಡಿರೋ ರೀತಿ ಅದು. ಹಿಂದುಗಡೆ ಒಂದು ಚಿಕ್ಕ ಗೇಟ್ ಇದ್ರೆ ಸ್ಕೂಟರ್ ಅಲ್ಲಿಂದ ತೆಗೀಬೋದು ಅಂತ ಬ್ರೋಕರ್ ಹೇಳ್ತಾರೆ. ತೆಗೀಬೋದು, ಆದ್ರೆ ಆ ಜಾಗ ಪಬ್ಲಿಕ್ಕು, ಯಾರಾದ್ರೂ ಒತ್ತುವರಿ ಮಾಡಿ ಶೆಡ್ ಹಾಕಿದಾರಾ, ಎರಡೂ ಕಡೆ ಬಾಯಿ ತೆರೆದಿದ್ಯಾ ಅಂತ ನಡೆದು ನೋಡ್ಕೊಂಡು ಬನ್ನಿ. ಕುವೆಂಪುನಗರದ ನಿಮ್ಮ ಮನೆಗೆ ಇದು ಬೇಕಾಗಲ್ಲ.

ಸ್ಕೂಲ್ ಕಡೆ ಏನೇನು ನೋಡ್ಬೇಕು ಅಂದ್ರೆ, ಮೊದ್ಲು ಕಾಂಪೌಂಡ್ ಒಳಗೆ ಬಸ್ಸು ಕಾರು ಹೋಗಿ ತಿರುಗಿಸ್ಕೊಂಡು ಬರೋ ಜಾಗ ಇದ್ಯಾ ಅಂತ. ಗ್ರೌಂಡ್ ಇದ್ದೂ ಒಳಗೆ ಬಿಡದೆ ಇರೋ ಸ್ಕೂಲುಗಳೂ ಇವೆ, ಮಕ್ಕಳ ಸೇಫ್ಟಿ ಅಂತ ಕಾರಣ ಕೊಡ್ತಾರೆ, ಅದೂ ಒಂಥರಾ ಸರಿನೇ ಅನ್ನಿ. ಆದ್ರೆ ಆಗ ಅವರ ಪಾರ್ಕಿಂಗ್ ಅಂದ್ರೆ ನಿಮ್ಮ ರೋಡೇ. ಎರಡನೇದು, ಸ್ಕೂಲ್ ಕಾಂಪೌಂಡ್ ಗೋಡೆ ಎಲ್ಲೆಲ್ಲಿ ಹಾದು ಹೋಗತ್ತೆ ನೋಡಿ. ಈಗ ಗೇಟ್ ಆ ರೋಡಿಗಿದೆ ಅಂತ ಸಮಾಧಾನ ಮಾಡ್ಕೋಬೇಡಿ, ಗೋಡೆ ಇರೋ ಕಡೆಯೆಲ್ಲ ನಾಳೆ ಗೇಟ್ ಒಡೀಬೋದು, ಮೇನ್ ರೋಡಲ್ಲಿ ಟ್ರಾಫಿಕ್ ಜಾಸ್ತಿ ಆಯ್ತು ಅಂತ ಪೊಲೀಸ್ನೋರೇ ಹೇಳಿ ಹಿಂದಿನ ರೋಡಿಗೆ ಗೇಟ್ ಮಾಡ್ಸೋದೂ ಉಂಟು. ನಿಮ್ಮ ಕೇಸಲ್ಲಿ ಗೇಟ್ ಆಗ್ಲೇ ನಿಮ್ಮ ರೋಡಲ್ಲೇ ಇದೆ, ಇದಕ್ಕಿಂತ ಕೆಡೋದೇನಿಲ್ಲ, ಸುಧಾರಿಸಿದ್ರೆ ಸುಧಾರಿಸ್ಬೋದು.

ಮೂರನೇದು ಸ್ವಲ್ಪ ಗಮನ ಕೊಟ್ಟು ಓದಿ. ಆ ಸ್ಕೂಲಿನವ್ರು ಪಿಯು ಕಾಲೇಜ್ ಶುರು ಮಾಡೋ ಯೋಚನೆಲಿ ಇದಾರಾ ಕೇಳ್ಕೊಳ್ಳಿ, ಮೇಲೆ ಹೊಸ ಫ್ಲೋರ್ ಏಳ್ತಿದ್ರೆ ಖಂಡಿತ ಕೇಳಿ. ಸ್ಕೂಲ್ ಗಾಡಿ ಬೆಳಗ್ಗೆ ಸಂಜೆ ಬಂದು ಹೋಗತ್ತೆ, ಪಿಯು ಹುಡುಗರ ಗಾಡಿ ದಿನಪೂರ್ತಿ ನಿಲ್ಲತ್ತೆ. ಕಾಲೇಜಿನವ್ರು ಕ್ಯಾಂಪಸ್ ಒಳಗೆ ಟೂ ವೀಲರ್ ತರಬಾರದು ಅಂತ ರೂಲ್ಸ್ ಮಾಡಿರ್ತಾರೆ, ಯಾಕಂದ್ರೆ 18 ಆಗಿರಲ್ಲ, ಲೈಸೆನ್ಸ್ ಇರಲ್ಲ, 2019ರ ತಿದ್ದುಪಡಿ ಆದ್ಮೇಲೆ ಮೈನರ್ ಗಾಡಿ ಓಡಿಸಿದ್ರೆ ಅಪ್ಪ ಅಮ್ಮಂಗೇ 25,000 ರೂಪಾಯಿ ದಂಡ, 3 ವರ್ಷದ ತನಕ ಜೈಲೂ ಆಗ್ಬೋದು. ಹುಡುಗರು ಏನ್ ಮಾಡ್ತಾರೆ? ಎರಡು ರೋಡ್ ಹಿಂದೆ ಯಾರದೋ ಮನೆ ಕಾಂಪೌಂಡ್ ಪಕ್ಕ ಸಾಲಾಗಿ ನಿಲ್ಸಿ, ಹ್ಯಾಂಡಲ್ ಲಾಕ್ ಮಾಡಿ ನಡ್ಕೊಂಡು ಹೋಗ್ತಾರೆ. ಹ್ಯಾಂಡಲ್ ಲಾಕ್ ಆಗಿರೋ ಗಾಡಿನ ನೀವು ಸರಿಸಕ್ಕೂ ಆಗಲ್ಲ, ಕೇಳೋಣ ಅಂದ್ರೆ ಯಾರದು ಅಂತ ಗೊತ್ತಾಗಲ್ಲ, ಸಂಜೆ ತನಕ ಬರಲ್ಲ. ಹಾಗಾಗಿ ಕೆಲವು ಸಲ ಗೇಟ್ ಎದುರಿನ ಮನೆಗಿಂತ ಎರಡು ರೋಡ್ ಹಿಂದಿನ ಮನೆಯವ್ರಿಗೇ ಕಾಟ ಜಾಸ್ತಿ. ಸ್ಕೂಲ್ ವ್ಯಾನಿನವ್ರೂ ಹಾಗೇ, ಮನೆ ದೂರ ಇದ್ರೆ ಬೆಳಗ್ಗೆ ಮಕ್ಕಳನ್ನ ಇಳಿಸಿ, ಡೀಸೆಲ್ ಯಾಕೆ ಸುಡೋದು ಅಂತ ಅಲ್ಲೇ ನೆರಳಲ್ಲಿ ನಿಲ್ಸಿ ಮಲಗ್ತಾರೆ. ಪಾಪ ಅವ್ರದ್ದೂ ಹೊಟ್ಟೆಪಾಡು, ಮಾತಾಡಿದ್ರೆ ಸರಿಸ್ತಾರೆ.

ಭಾನುವಾರ ಆರಾಮ ಅಂದ್ಕೊಂಡಿದ್ರೆ ಅದನ್ನೂ ಸ್ವಲ್ಪ ಕಡಿಮೆ ಮಾಡ್ಕೊಳ್ಳಿ, ಸ್ಕೂಲ್ ಬಿಲ್ಡಿಂಗು ಎಕ್ಸಾಮ್ ಸೆಂಟರ್ ಆಗತ್ತೆ, ಎಲೆಕ್ಷನ್ ಬೂತ್ ಆಗತ್ತೆ, ಆ ದಿನಗಳಲ್ಲಿ ಬೇರೆ ಊರಿನ ಗಾಡಿಗಳು. ವರ್ಷಕ್ಕೆ ಕೆಲವೇ ದಿನ, ಬಿಡಿ.

ಕಾನೂನು ಏನು ಹೇಳತ್ತೆ ಅಂತ ಕೇಳೋರಿಗೆ. 2017ರ ಮೋಟಾರು ವಾಹನ ಚಾಲನಾ ನಿಯಮಗಳ ಪ್ರಕಾರ ಯಾರದೇ ಆಸ್ತಿಯ ಒಳಗೆ ಹೋಗೋ ಬರೋ ದಾರಿಗೆ ಅಡ್ಡ ಗಾಡಿ ನಿಲ್ಸೋ ಹಾಗಿಲ್ಲ. ನೀವು ಬೋರ್ಡ್ ಹಾಕಿದ್ರೂ ಹಾಕದೆ ಇದ್ರೂ ಅದು ತಪ್ಪೇ. ಆದ್ರೆ ನಿಮ್ಮ ಗೇಟಿನ ಅಗಲ ಬಿಟ್ಟು ಆ ಪಕ್ಕ ಈ ಪಕ್ಕ, ಎದುರಿನ ಸೈಡಲ್ಲಿ, ಅಲ್ಲಿ ನೋ ಪಾರ್ಕಿಂಗ್ ಅಂತ ಟ್ರಾಫಿಕ್‌ನೋರು ಘೋಷಣೆ ಮಾಡಿಲ್ಲ ಅಂದ್ರೆ, ಓಡಾಡೋರಿಗೆ ಅಡ್ಡಿ ಆಗ್ತಿಲ್ಲ ಅಂದ್ರೆ, ನಿಲ್ಲಿಸ್ಬೇಡಿ ಅನ್ನೋಕೆ ನಿಮಗೆ ಹಕ್ಕಿಲ್ಲ. ನೀವೇ ಪೇಂಟ್ ಮಾಡಿಸಿ ಗೇಟಿಗೆ ನೇತು ಹಾಕೋ 'ನೋ ಪಾರ್ಕಿಂಗ್, ಟೈರ್ ಗಾಳಿ ತೆಗೆಯಲಾಗುವುದು' ಬೋರ್ಡಿಗೆ ಕಾನೂನಿನ ಬಲ ಏನೂ ಇಲ್ಲ, ಮರ್ಯಾದಸ್ಥರು ನೋಡಿ ಮುಂದೆ ಹೋಗ್ತಾರೆ ಅಷ್ಟೇ ಉಪಯೋಗ. ನಿಜವಾಗ್ಲೂ ಗಾಳಿ ತೆಗೆದ್ರೆ ಕಂಪ್ಲೇಂಟ್ ನಿಮ್ಮ ಮೇಲೇ ತಿರುಗತ್ತೆ. ಹೂಕುಂಡ, ಸೈಜುಗಲ್ಲು, ಕಬ್ಬಿಣದ ಕಂಬಕ್ಕೆ ಚೈನು, ಇದೆಲ್ಲಾ ಮೈಸೂರಲ್ಲಿ ರೋಡ್ ರೋಡಿಗೂ ಕಾಣತ್ತೆ, ಎಲ್ಲಾ ಒತ್ತುವರಿನೇ, ಪಾಲಿಕೆ ಗಾಡಿ ಬಂದ ದಿನ ಎತ್ತಾಕ್ಕೊಂಡು ಹೋಗ್ತಾರೆ. ರೋಡಿಗೆ ಚಾಚಿರೋ ರ‍್ಯಾಂಪಿಗೂ ಅದೇ ಗತಿ. ಓನರ್ ಗೇಟಿನ ರ‍್ಯಾಂಪ್ ಚರಂಡಿ ದಾಟಿ ಟಾರ್ ಮೇಲೆ ಬಂದಿದ್ರೆ ಅದನ್ನ ಒಳಗೆ ಎಳ್ಕೊಳ್ಳೋಕೆ ಎಷ್ಟು ಇಳಿಜಾರು ಬೇಕಾಗತ್ತೆ ಅಂತ ಒಬ್ಬ ಮೇಸ್ತ್ರಿನ ಕರೆದು ಕೇಳಿ.

ಮಾವನವ್ರ ವಿಷಯ. ಡಯಾಲಿಸಿಸ್ ಮುಂಚೆನೇ ಗೊತ್ತಿರೋ ಟೈಮಿಗೆ ಆಗೋದ್ರಿಂದ ಆಸ್ಪತ್ರೆಲಿ ಮಾತಾಡಿ ಸ್ಕೂಲ್ ಹೊತ್ತು ತಪ್ಪಿಸಿ ಸ್ಲಾಟ್ ಕೇಳ್ಬೋದು, ವಾಪಸ್ ಬರೋ ಹೊತ್ತನ್ನೂ ಲೆಕ್ಕ ಹಾಕಿ, ನಾಲ್ಕು ಗಂಟೆ ಡಯಾಲಿಸಿಸ್ ಮಾಡ್ಸಿಕೊಂಡು ಸುಸ್ತಾಗಿರೋರನ್ನ ಎರಡು ರೋಡ್ ಆಚೆ ಇಳಿಸಿ ನಡೆಸ್ಕೊಂಡು ಬರಕ್ಕಾಗಲ್ಲ. ಅರ್ಜೆಂಟ್ ಬಂದಾಗ ಏನು ಅನ್ನೋದೇ ದೊಡ್ಡ ಪ್ರಶ್ನೆ. ಅದಕ್ಕೆ ನಾನು ನೋಡೋದು ರೋಡಿನ ಎರಡು ತುದಿ. ಒಂದು ತುದಿಲಿ ಸ್ಕೂಲ್ ಗೇಟಿದ್ದು ಇನ್ನೊಂದು ತುದಿ ಬೇರೆ ಕ್ರಾಸಿಗೆ ಸೇರಿದ್ರೆ ಆಂಬ್ಯುಲೆನ್ಸ್ ಆ ಕಡೆಯಿಂದ ಬರತ್ತೆ, ತೊಂದ್ರೆ ಇಲ್ಲ. ಸ್ಕೂಲ್ ದಾಟಿನೇ ನಿಮ್ಮ ಮನೆಗೆ ಬರ್ಬೇಕು, ಮುಂದೆ ಡೆಡ್ ಎಂಡ್ ಅಂದ್ರೆ, ಮನೆ ಎಷ್ಟೇ ಚೆನ್ನಾಗಿರ್ಲಿ, ನಿಮ್ಮ ಮನೆ ಪರಿಸ್ಥಿತಿಗೆ ಬೇಡ. ಇದರಲ್ಲಿ ನಾನು ರಾಜಿ ಮಾತಾಡಲ್ಲ. ನೀವು ಇದನ್ನ ಬರೆದಿಲ್ಲ, ಹೋಗಿ ನೋಡ್ಕೊಂಡು ಬನ್ನಿ.

ಇಷ್ಟೆಲ್ಲಾ ಹೇಳಿದ್ರಿಂದ ಸ್ಕೂಲ್ ಹತ್ರದ ಮನೆನೇ ಕೆಟ್ಟದ್ದು ಅಂತ ಅಲ್ಲ. ಮಾರೋವಾಗ ಬೇಗ ಹೋಗತ್ತೆ, ಮೇಲಿನ ಫ್ಲೋರ್ ಬಾಡಿಗೆಗೆ ಟೀಚರ್ಸು, ಚಿಕ್ಕ ಮಕ್ಕಳಿರೋರು ಹುಡುಕ್ಕೊಂಡು ಬರ್ತಾರೆ, ಖಾಲಿ ಬೀಳೋದು ಕಮ್ಮಿ. ರಾತ್ರಿ ಹೊತ್ತು ನಿಜವಾಗ್ಲೂ ನಿಶ್ಶಬ್ದ. ಕಾನೂನಿನ ಪ್ರಕಾರ ಸ್ಕೂಲಿನ ಸುತ್ತ 100 ಮೀಟರ್ ಸೈಲೆನ್ಸ್ ಝೋನ್ ಮಾಡ್ಬೋದು, 100 ಮೀಟರ್ ಒಳಗೆ ಬೀಡಿ ಸಿಗರೇಟ್ ಮಾರೋ ಹಾಗಿಲ್ಲ, ಪೆಟ್ಟಿಗೆ ಅಂಗಡಿ ಮುಂದೆ ಗುಂಪು ನಿಲ್ಲೋದು ಅಷ್ಟರ ಮಟ್ಟಿಗೆ ಕಡಿಮೆ. ಸ್ಕೂಲ್ ಬೇಡಪ್ಪಾ ಅಂತ ದೂರ ಹೋಗಿ ಹೊಸ ಬಡಾವಣೆಲಿ ಮನೆ ತಗೊಂಡು, ಎದುರಿಗಿದ್ದ ಖಾಲಿ ಸೈಟು ಸಿಎ ಸೈಟ್ ಅಂತ ಆಮೇಲೆ ಗೊತ್ತಾಗಿ, ನಾಲ್ಕು ವರ್ಷಕ್ಕೆ ಅಲ್ಲೇ ಸ್ಕೂಲ್ ಎದ್ದಿರೋದನ್ನೂ ನೋಡಿದೀನಿ. ಬಡಾವಣೆ ನಕ್ಷೆಲಿ ಸಿಎ ಸೈಟಿಗೆ ನಾಗರಿಕ ಸೌಲಭ್ಯ ನಿವೇಶನ ಅಂತ ಗುರುತಿರತ್ತೆ, ನಗರಾಭಿವೃದ್ಧಿ ಪ್ರಾಧಿಕಾರ ಮುಡಾದವ್ರು, ಈಗ ಎಂಡಿಎ ಆಗಿದೆಯಲ್ಲ, ಅದನ್ನ ಶಿಕ್ಷಣ ಸಂಸ್ಥೆಗೂ ಕೊಡ್ಬೋದು. ಕಾಣೋ ಸ್ಕೂಲನ್ನಾದ್ರೂ ಅಳೆದು ನೋಡ್ಬೋದು.

ತಗೊಂಡ ಮೇಲೆ ಏನು ಮಾಡ್ಬೋದು ಅಂತಾನೂ ಹೇಳ್ಬಿಡ್ತೀನಿ. ಒಬ್ಬೊಬ್ರೇ ಪೇರೆಂಟ್ ಜೊತೆ ಜಗಳಕ್ಕೆ ನಿಂತ್ರೆ ಮುಗಿಯಲ್ಲ, ಪ್ರತಿ ಜೂನಲ್ಲೂ ಹೊಸಬ್ರು ಬರ್ತಾರೆ. ಕೆಲಸ ಆಗೋದು ಸ್ಕೂಲಿನ ಮೂಲಕ. ರೋಡಿನ ನಾಲ್ಕೈದು ಮನೆಯವ್ರು ಸೇರಿ ಸಹಿ ಹಾಕಿ ಪ್ರಿನ್ಸಿಪಾಲ್‌ಗೆ ಲೆಟರ್ ಕೊಡಿ, ಸ್ಕೂಲ್ ಶುರುವಾಗೋ ಮುಂಚೆ ಮೇ ಕೊನೆಲಿ ಕೊಟ್ರೆ ಪೇರೆಂಟ್ಸ್ ಮೀಟಿಂಗಲ್ಲಿ ಹೇಳ್ತಾರೆ, ವಾಟ್ಸಾಪ್ ಗ್ರೂಪಿಗೆ ಹಾಕ್ತಾರೆ. ರೋಡಿನ ಒಂದೇ ಸೈಡಲ್ಲಿ ನಿಲ್ಸಿ ಅನ್ನೋದಷ್ಟನ್ನೇ ಕೇಳಿ, 'ನಮ್ಮ ರೋಡಿಗೇ ಬರ್ಬೇಡಿ' ಅಂದ್ರೆ ಯಾರೂ ಕೇಳಲ್ಲ. ಅದೇ ಲೆಟರಿನ ಕಾಪಿ ನಿಮ್ಮ ಏರಿಯಾ ಸಂಚಾರ ಠಾಣೆಗೆ ಕೊಟ್ಟು, ಸ್ಕೂಲ್ ಹೊತ್ತಿಗೆ ಒನ್ ವೇ ಇಲ್ಲಾ ಒಂದು ಸೈಡ್ ನೋ ಪಾರ್ಕಿಂಗ್ ಮಾಡಿ ಅಂತ ಕೇಳ್ಬೋದು, ಅವ್ರು ಕಮಿಷನರ್ ಆಫೀಸಿಗೆ ಕಳಿಸ್ತಾರೆ, ಆರ್ಡರ್ ಆದ್ರೆ ಮಾತ್ರ ಬೋರ್ಡಿಗೆ ಬೆಲೆ. ಗೇಟಿಗೆ ಅಡ್ಡ ನಿಲ್ಸಿ ಹೋಗಿದ್ರೆ ನಂಬರ್ ಪ್ಲೇಟೂ ಗೇಟೂ ಒಂದೇ ಫೋಟೋಲಿ ಬರೋ ಹಾಗೆ ತೆಗೆದಿಟ್ಕೊಂಡು 112ಕ್ಕೆ ಫೋನ್ ಮಾಡಿ. ಇದೆಲ್ಲಕ್ಕಿಂತ ಬೇಗ ಕೆಲಸ ಆಗೋದು ಸ್ಕೂಲ್ ವಾಚ್‌ಮನ್ ಕೈಲಿ. ಆಯುಧಪೂಜೆಗೆ ಅವ್ರ ಕೈಗೊಂದು ಸ್ವೀಟ್ ಬಾಕ್ಸು, ದಿನಾ ಒಂದು ನಮಸ್ಕಾರ, ನಿಮ್ಮ ಗೇಟಿನ ಮುಂದೆ ಅವ್ರೇ ವಿಶಲ್ ಊದ್ತಾರೆ.

ಈಗ ನಿಮ್ಮ ಮನೆಗೆ ವಾಪಸ್ ಬಂದ್ರೆ, ಜೆರಾಕ್ಸ್ ಅಂಗಡಿ ಹಾಗೇ ಇಟ್ಕೊಂಡು, ಕಾರು ರೋಡಲ್ಲಿ ನಿಲ್ಸ್ಕೊಂಡು ಇರೋ ಹಾಗಿದ್ರೆ ತಗೋಬೇಡಿ. ಆ ಬಾಡಿಗೆ ದುಡ್ಡು ನೋಡಿ ಮನಸ್ಸು ಜಾರತ್ತೆ, ಗೊತ್ತು. ಆದ್ರೆ ಬೆಳಗ್ಗೆ ಏಳೂವರೆಗೆ ಪ್ರಾಜೆಕ್ಟ್ ಪ್ರಿಂಟ್ ತೆಗೆಸಕ್ಕೆ ಬರೋ ಪೇರೆಂಟ್ಸ್ ಗಾಡಿ ನಿಲ್ಲೋದೂ ನಿಮ್ಮ ಗೇಟಿಗೇ. ಆ ಅಂಗಡಿ ತೆಗೆಸಿ ಪಾರ್ಕಿಂಗ್ ವಾಪಸ್ ಮಾಡ್ಕೊಳ್ಳಕ್ಕಾಗತ್ತೆ, ರೋಡಿಗೆ ಎರಡು ಬಾಯಿದೆ, ಎಂಟೂಕಾಲಿನ ಟ್ರಯಲ್ಲಲ್ಲಿ ಕಾರು ಆಚೆ ಬಂತು ಅಂದ್ರೆ ಧೈರ್ಯವಾಗಿ ತಗೊಳ್ಳಿ, ನಿಮ್ಮ ಜಾಗದಲ್ಲಿ ನಾನಿದ್ರೆ ನಾನೂ ತಗೋತೀನಿ.

ರೇಟ್ ಮಾತಾಡುವಾಗ ಸ್ಕೂಲ್ ಗಲಾಟೆ ಅಂತ ಶುರು ಮಾಡ್ಬೇಡಿ, ಓನರ್ 'ಸ್ಕೂಲ್ ಪಕ್ಕ ಅಂತಾನೇ ಈ ರೇಟು' ಅಂತಾರೆ, ಮಾತು ಅಲ್ಲೇ ನಿಲ್ಲತ್ತೆ. ಸ್ಯಾಂಕ್ಷನ್ ಪ್ಲಾನ್ ಕಾಪಿ ತೆಗೆಸಿ. ಅದ್ರಲ್ಲಿ ಕಾರ್ ಪಾರ್ಕಿಂಗ್ ಅಂತ ಇದ್ದು ಜಾಗದಲ್ಲಿ ಶಟರ್ ಇದ್ರೆ ಅದು ಡೀವಿಯೇಷನ್ನು, ಬ್ಯಾಂಕ್ ವ್ಯಾಲ್ಯುಯೇಷನ್ ರಿಪೋರ್ಟಲ್ಲಿ ನಮ್ಮಂಥೋರು ಬರೀಲೇಬೇಕು, ಲೋನಿಗೆ ತಗಾದೆ ಬರತ್ತೆ. ಅಕ್ರಮ-ಸಕ್ರಮದಲ್ಲಿ ಸರಿ ಮಾಡ್ಸಿಕೊಳ್ಳಿ ಅಂತ ಓನರ್ ಅಂದ್ರೆ, ಆ ಸ್ಕೀಮಿಗೆ ಸುಪ್ರೀಂ ಕೋರ್ಟ್ 2017ರಲ್ಲೇ ತಡೆ ಕೊಟ್ಟಿತ್ತು ಅಂತ ಹೇಳಿ. ಶಟರ್ ಬಿಚ್ಚಿ, ಮಧ್ಯದ ಗೋಡೆ ಒಡೆದು, ನೆಲ ಗೇಟಿನ ಲೆವೆಲ್ಲಿಗೆ ತಂದು, ಹೊಸ ಗೇಟ್ ಹಾಕ್ಸೋ ಅಷ್ಟೂ ಖರ್ಚಿಗೆ ಒಂದು ಎಸ್ಟಿಮೇಟ್ ಬರೆಸಿ ಅದನ್ನ ರೇಟಲ್ಲಿ ಇಳಿಸಕ್ಕೆ ಕೇಳಿ, ಇದಕ್ಕೆ ಓನರ್ ಹತ್ರ ಉತ್ತರ ಇರಲ್ಲ. ಅಂಗಡಿಯವ್ರ ಅಡ್ವಾನ್ಸ್ ವಾಪಸ್ ಕೊಟ್ಟು ಖಾಲಿ ಮಾಡ್ಸೋದು ಓನರ್ ಜವಾಬ್ದಾರಿ, ರಿಜಿಸ್ಟ್ರೇಷನ್ ಆದ್ಮೇಲೆ ಮಾಡ್ಸಿಕೊಡ್ತೀನಿ ಅಂದ್ರೆ ಒಪ್ಪಬೇಡಿ, ಆಮೇಲೆ ಆ ಬಾಡಿಗೆದಾರರು ನಿಮ್ಮ ತಲೆ ಮೇಲೆ. ಖಾಲಿ ಮಾಡಿ ಶಟರಿನ ಬೀಗ ನಿಮ್ಮ ಕೈಗೆ ಕೊಟ್ಟ ಮೇಲೇ ಬಾಕಿ ದುಡ್ಡು ಅಂತ ಸೇಲ್ ಅಗ್ರಿಮೆಂಟಲ್ಲೇ ತಾರೀಖು ಸಮೇತ ಬರೆಸಿಕೊಳ್ಳಿ.